ಬಣ್ಣ ಕೇಳುವ ಮೊದಲು: ಚಳಿನಾಡಿನ ಮನೆತೋಟಕ್ಕೆ ಮ್ಯಾಗ್ನೋಲಿಯಾ ಆರಿಸುವುದು

(ಮನೆತೋಟದ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ.

ಮ್ಯಾಗ್ನೋಲಿಯಾ ಕೊಳ್ಳಲು ನರ್ಸರಿಗೆ ಹೋದವರು ಮೊದಲು ನೋಡುವುದು ಗಿಡಕ್ಕೆ ಕಟ್ಟಿದ ಚೀಟಿಯ ಮೇಲಿನ ಚಿತ್ರವನ್ನು. ಅಂಗೈಯಗಲದ ಹೂವು, ಒಂದೂ ಎಲೆಯಿಲ್ಲದ ಕೊಂಬೆ, ಹಿಂದೆ ನೀಲಿ ಆಕಾಶ. ಅಷ್ಟು ನೋಡಿದ ಮೇಲೆ ಉಳಿಯುವ ಪ್ರಶ್ನೆ ಒಂದೇ: ಬಿಳಿ ಬೇಕೋ, ಗುಲಾಬಿ ಬೇಕೋ? ಬಣ್ಣದ ಮಾತನ್ನು ನಾನು ಇವತ್ತು ಹಿಂದಕ್ಕೆ ತಳ್ಳುತ್ತೇನೆ. ಚಳಿ ಪ್ರದೇಶದಲ್ಲಿ ತೋಟ ಮಾಡುವವರು ಮೊದಲು ಕೇಳಬೇಕಾದ್ದು, ಈ ಗಿಡ ವಸಂತದ ಯಾವ ವಾರದಲ್ಲಿ ಅರಳುತ್ತದೆ ಎಂದು. ಆಮೇಲೆ, ಇಪ್ಪತ್ತು ವರ್ಷಕ್ಕೆ ಎಷ್ಟು ಜಾಗ ಕೇಳುತ್ತದೆ ಎಂದು. ಇವೆರಡಕ್ಕೆ ಉತ್ತರ ಸಿಕ್ಕಿದ ಮೇಲೆ ಪಟ್ಟಿಯಲ್ಲಿ ಏಳೆಂಟು ಗಿಡಗಳು ಉಳಿದಾವು. ಅವುಗಳಲ್ಲಿ ಬಣ್ಣ ನೋಡಿಕೊಳ್ಳಿ.

ಮ್ಯಾಗ್ನೋಲಿಯಾ ಕುಲ ದೊಡ್ಡದು. ನಮಗೆಲ್ಲ ಗೊತ್ತಿರುವ ಸಂಪಿಗೆಯೂ ಈಗ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಮ್ಯಾಗ್ನೋಲಿಯಾವೇ. ಹಿಂದೆ ಅದನ್ನು ಮೈಕೇಲಿಯಾ ಎಂಬ ಬೇರೆ ಕುಲದಲ್ಲಿ ಇಟ್ಟಿದ್ದರು. ಸಂಪಿಗೆ ಬೆಚ್ಚಗಿನ ನಾಡಿನ ಮರ, ವರ್ಷವಿಡೀ ಹಸಿರು. ಅಮೆರಿಕದ ದಕ್ಷಿಣ ಭಾಗದ ಗ್ರಾಂಡಿಫ್ಲೋರಾ ಕೂಡ ಹಾಗೆಯೇ. ನಾನು ಇಂದು ಹೇಳಹೊರಟಿರುವುದು ಚಳಿಗಾಲಕ್ಕೆ ಎಲೆಯೆಲ್ಲ ಉದುರಿಸಿ, ವಸಂತದಲ್ಲಿ ಬರಿಗೊಂಬೆಯ ಮೇಲೆ ಹೂ ಬಿಡುವ ಗುಂಪಿನ ಬಗ್ಗೆ. ಇವುಗಳ ತವರು ಬಹುಪಾಲು ಚೀನಾ, ಜಪಾನ್, ಕೊರಿಯಾ ಮತ್ತು ಹಿಮಾಲಯ. ಉತ್ತರ ಅಮೆರಿಕದವು ಕೆಲವೇ. ಇಡೀ ಕುಲದ ಹೂವುಗಳು ಜೀರುಂಡೆಗಳಿಂದ ಪರಾಗಸ್ಪರ್ಶವಾಗುವಂತೆ ರೂಪುಗೊಂಡವು, ದಳಗಳು ದಪ್ಪ. ಇದು ಕೇಳಲು ಸೊಗಸು, ಗಿಡ ಆರಿಸಲು ಮಾತ್ರ ಏನೂ ಉಪಯೋಗವಿಲ್ಲ. ಎಷ್ಟು ದಪ್ಪವಿದ್ದರೂ ಆ ದಳ ಒಂದು ರಾತ್ರಿಯ ಹಿಮಕ್ಕೆ, ಅಂದರೆ ನೀರು ಹೆಪ್ಪುಗಟ್ಟುವಂಥ ಚಳಿಗೆ, ಕಂದುಬಣ್ಣದ ಚಿಂದಿಯಾಗುತ್ತದೆ.

ಅಲ್ಲಿಂದಲೇ ಶುರುಮಾಡೋಣ. ಇಂದು ವಸಂತದಲ್ಲಿ ನೀವು ನೋಡುವ ಹೂವು ತಯಾರಾದದ್ದು ಹೋದ ಬೇಸಿಗೆಯಲ್ಲಿ. ಎಲೆಯ ಕೆಲಸ ಇನ್ನೂ ನಡೆಯುತ್ತಿರುವಾಗಲೇ ಕೊಂಬೆಯ ತುದಿಯಲ್ಲಿ ಮೊಗ್ಗು ಕಟ್ಟುತ್ತದೆ, ಅದರ ಮೇಲೆ ಬೂದುಬಣ್ಣದ ನವಿರಾದ ರೋಮದ ಕವಚ ಬೆಳೆಯುತ್ತದೆ. ಆ ಕವಚದೊಳಗೆ ಹೂವು ಇಡೀ ಚಳಿಗಾಲ ಕಳೆಯುತ್ತದೆ. ಸ್ಟೆಲ್ಲಾಟಾ, ಕೋಬಸ್‌ನಂಥ ಗಟ್ಟಿ ಜಾತಿಗಳ ಮುಚ್ಚಿದ ಮೊಗ್ಗು ಶೂನ್ಯಕ್ಕಿಂತ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಸೆಲ್ಸಿಯಸ್ ಕೆಳಗಿಳಿದರೂ ಕಂಗೆಡುವುದಿಲ್ಲ. ಆದರೆ ಬಿಸಿಲು ಏರಿ, ಕವಚ ಬಿರಿದು, ಬಣ್ಣ ಇಣುಕಿದ ದಿನದಿಂದ ಲೆಕ್ಕವೇ ಬೇರೆ. ಪೂರ್ತಿ ಅರಳಿದ ಹೂವಿಗೆ ಶೂನ್ಯಕ್ಕಿಂತ ಎರಡು ಮೂರು ಡಿಗ್ರಿ ಕೆಳಗಿನ ಒಂದು ರಾತ್ರಿ ಸಾಕು, ಕಥೆ ಮುಗಿಯಿತು.

ನರ್ಸರಿಯ ಚೀಟಿಯಲ್ಲಿ ಬರೆದಿರುವ ಚಳಿ ತಾಳಿಕೆಯ ಅಂಕಿ ಮರಕ್ಕೆ ಸಂಬಂಧಿಸಿದ್ದು. ಈ ಮರ ನಿಮ್ಮಲ್ಲಿ ಸಾಯುವುದಿಲ್ಲ ಎಂದಷ್ಟೇ ಅದು ಹೇಳುತ್ತದೆ. ಹೂವು ನಿಮ್ಮ ಕಣ್ಣಿಗೆ ಬೀಳುತ್ತದೆ ಎಂದು ಎಲ್ಲೂ ಬರೆದಿರುವುದಿಲ್ಲ. ಮರ ಗಟ್ಟಿಮುಟ್ಟಾಗಿದ್ದು, ಐದು ವರ್ಷದಲ್ಲಿ ಮೂರು ವರ್ಷ ಹೂವು ಸುಟ್ಟುಹೋಗುವ ತೋಟಗಳು ಬೇಕಾದಷ್ಟಿವೆ. ಆದ್ದರಿಂದ ಮೊದಲ ಕೆಲಸ ಗಿಡದ ಅಂಗಡಿಯಲ್ಲಿಲ್ಲ, ನಿಮ್ಮ ಊರಿನ ಹವಾಮಾನದ ದಾಖಲೆಯಲ್ಲಿದೆ. ವಸಂತದ ಕೊನೆಯ ಹಿಮ ಸಾಮಾನ್ಯವಾಗಿ ಯಾವ ವಾರದಲ್ಲಿ ಬೀಳುತ್ತದೆ? ಅದನ್ನು ಬರೆದಿಟ್ಟುಕೊಳ್ಳಿ. ಅದಕ್ಕಿಂತ ಮುಂಚೆ ಅರಳುವ ಮ್ಯಾಗ್ನೋಲಿಯಾ ಎಷ್ಟೇ ಚೆಂದವಿದ್ದರೂ ಪ್ರತಿ ವರ್ಷ ಜೂಜು.

ಜಾಗದ ವಿಚಾರ ಇದಕ್ಕೆ ಅಂಟಿಕೊಂಡೇ ಬರುತ್ತದೆ. ತಣ್ಣನೆಯ ಗಾಳಿ ಭಾರ, ರಾತ್ರಿ ಅದು ನೀರಿನಂತೆ ಇಳಿಜಾರು ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ತೋಟದ ಕೆಳತುದಿಯಲ್ಲಿ ಗೋಡೆಯೋ ದಟ್ಟ ಬೇಲಿಯೋ ಇದ್ದರೆ ಚಳಿ ಅದರ ಹಿಂದೆಯೇ ಕಟ್ಟಿಕೊಳ್ಳುತ್ತದೆ. ಮ್ಯಾಗ್ನೋಲಿಯಾಕ್ಕೆ ಆ ಜಾಗ ಬೇಡ, ಇಳಿಜಾರಿನ ನಡುಭಾಗ ಒಳ್ಳೆಯದು. ಇನ್ನೊಂದು ಸಲಹೆ ಕೇಳಿದವರಿಗೆ ತಲೆಕೆಳಗೆನಿಸುತ್ತದೆ: ಬೇಗ ಅರಳುವ ಗಿಡವನ್ನು ಬೆಚ್ಚಗಿನ ಗೋಡೆಯ ಪಕ್ಕ ಇಡಬೇಡಿ. ಉತ್ತರ ಗೋಳಾರ್ಧದಲ್ಲಿ ದಕ್ಷಿಣಕ್ಕೆ ಮುಖಮಾಡಿದ ಗೋಡೆ ಚಳಿಗಾಲದ ಕೊನೆಯ ಬಿಸಿಲನ್ನು ಹೀರಿ ಮೊಗ್ಗನ್ನು ಎರಡು ವಾರ ಮೊದಲೇ ಎಬ್ಬಿಸುತ್ತದೆ, ಎದ್ದ ಹೂವಿಗೆ ಮುಂದಿನ ವಾರದ ಹಿಮ ಕಾದಿರುತ್ತದೆ. ಗಿಡ ತಡವಾಗಿ ಏಳುವಂತೆ ಸ್ವಲ್ಪ ತಂಪಾದ ಕಡೆಯಲ್ಲೇ ಇಡುವುದು ಜಾಣತನ. ದಕ್ಷಿಣ ಗೋಳಾರ್ಧದವರು ದಿಕ್ಕು ತಿರುಗಿಸಿಕೊಳ್ಳಿ. ಮುಂಜಾನೆಯ ನೇರ ಬಿಸಿಲೂ ಒಳ್ಳೆಯದಲ್ಲ. ಹೆಪ್ಪುಗಟ್ಟಿದ ದಳ ನಿಧಾನವಾಗಿ ಕರಗಿದರೆ ಕೆಲವೊಮ್ಮೆ ಉಳಿದುಕೊಳ್ಳುತ್ತದೆ, ಸೂರ್ಯ ಹುಟ್ಟುತ್ತಿದ್ದಂತೆ ಕಾದರೆ ಉಳಿಯುವುದಿಲ್ಲ. ಇನ್ನು ಗಾಳಿ. ದೊಡ್ಡ ಹೂವಿನ ತಳಿಗಳಿಗೆ ವಸಂತದ ಬಿರುಗಾಳಿ ಹಿಮದಷ್ಟೇ ಶತ್ರು.

ಈಗ ಗಿಡಗಳಿಗೆ ಬರುತ್ತೇನೆ. ಒಂದೇ ಒಂದು ಗಿಡಕ್ಕೆ ಜಾಗವಿದೆ, ಚಳಿ ಜೋರು, ಅನುಭವ ಕಡಿಮೆ ಎಂದು ಯಾರಾದರೂ ಬಂದರೆ ನಾನು ಯೋಚಿಸದೆ ಸ್ಟೆಲ್ಲಾಟಾ ಗುಂಪನ್ನು ತೋರಿಸುತ್ತೇನೆ. ಇದು ಜಪಾನಿನ ನಗೋಯಾ ಸುತ್ತಲಿನ ತೇವದ ಕಣಿವೆಗಳ ಪೊದೆ. ಕಾಡಿನಲ್ಲಿ ಈಗ ವಿರಳ, ತೋಟಗಳಲ್ಲಿ ಧಾರಾಳ. ನಕ್ಷತ್ರದಂತೆ ಹರಡಿದ ಕಿರಿದಾದ ದಳಗಳು, ಹನ್ನೆರಡರಿಂದ ಹಿಡಿದು ಕೆಲವು ತಳಿಗಳಲ್ಲಿ ಮೂವತ್ತರವರೆಗೆ. ಎತ್ತರ ಮೂರು ಮೀಟರ್ ಆಸುಪಾಸು, ಅದೂ ನಿಧಾನವಾಗಿ. ಮೊಣಕಾಲುದ್ದದ ಗಿಡವೇ ಹೂ ಬಿಡುತ್ತದೆ. ಒಂದು ತೊಂದರೆಯೆಂದರೆ ಇದು ಬೇಗ ಅರಳುತ್ತದೆ, ಅಂದರೆ ಹಿಮಕ್ಕೆ ಸಿಕ್ಕುತ್ತದೆ. ಆದರೆ ಮೊಗ್ಗುಗಳು ಒಟ್ಟಿಗೆ ಬಿರಿಯುವುದಿಲ್ಲ, ಹಿಂದೆ ಮುಂದೆ ಅರಳುತ್ತವೆ. ಒಂದು ಕಂತು ಹೋದರೂ ಇನ್ನೊಂದು ಕಂತು ಬಾಕಿ ಇರುತ್ತದೆ. ‘ರಾಯಲ್ ಸ್ಟಾರ್’ ಎಂಬ ತಳಿ ಮೂಲ ಗಿಡಕ್ಕಿಂತ ಸುಮಾರು ಹತ್ತು ದಿನ ತಡ, ಆ ಹತ್ತು ದಿನವೇ ಅದರ ಬೆಲೆ. ‘ಸೆಂಟೆನ್ನಿಯಲ್’ ಅಮೆರಿಕದ ಬೋಸ್ಟನ್ನಿನ ಅರ್ನಾಲ್ಡ್ ಅರ್ಬೊರೇಟಂ (ಮರಗಳ ಸಂಗ್ರಹ ತೋಟ) 1972ರಲ್ಲಿ ತನ್ನ ನೂರನೇ ವರ್ಷದ ನೆನಪಿಗೆ ಹೆಸರಿಟ್ಟ ತಳಿ. ಬೋಸ್ಟನ್ನಿನ ಚಳಿಯಲ್ಲಿ ಪಳಗಿದ್ದು ಎಂಬುದೇ ಅದಕ್ಕೆ ಶಿಫಾರಸು.

ಸ್ಟೆಲ್ಲಾಟಾವನ್ನು ಅದರ ಸಂಬಂಧಿ ಕೋಬಸ್ ಮರದ ಜೊತೆ ಕೂಡಿಸಿ ಪಡೆದ ಸಂಕರ ಲೋಬ್ನೆರಿ. ಜರ್ಮನಿಯ ತೋಟಗಾರ ಮ್ಯಾಕ್ಸ್ ಲೋಬ್ನರ್ 20ನೇ ಶತಮಾನದ ಆರಂಭದಲ್ಲಿ ಇದನ್ನು ಮಾಡಿದರು. ನನ್ನ ಮಟ್ಟಿಗೆ ಚಳಿನಾಡಿನ ಮನೆತೋಟಕ್ಕೆ ಇದಕ್ಕಿಂತ ನಂಬಿಕಸ್ತ ಗುಂಪು ಇಲ್ಲ. ಕೋಬಸ್‌ನಿಂದ ಗಟ್ಟಿತನ ಮತ್ತು ಎತ್ತರ, ಸ್ಟೆಲ್ಲಾಟಾದಿಂದ ಎಳೆಯದರಲ್ಲೇ ಹೂ ಬಿಡುವ ಗುಣ. ‘ಮೆರಿಲ್’ ಬಿಳಿ, ಅರ್ನಾಲ್ಡ್ ಅರ್ಬೊರೇಟಂನಲ್ಲೇ 1939ರ ಸಂಕರದಿಂದ ಬಂದದ್ದು. ಬೇಗ ಬೆಳೆದು ಎಂಟು ಮೀಟರ್ ಮುಟ್ಟುವ ಮರ, ಸಣ್ಣ ಅಂಗಳಕ್ಕೆ ಅಲ್ಲ. ‘ಲಿಯೊನಾರ್ಡ್ ಮೆಸ್ಸೆಲ್’ ಇಂಗ್ಲೆಂಡಿನ ಸಸೆಕ್ಸ್‌ನ ನೈಮನ್ಸ್ ತೋಟದಲ್ಲಿ ಕಾಣಿಸಿಕೊಂಡ ತಿಳಿಗುಲಾಬಿ ತಳಿ. ಅರಳಿದ ಹೂವು ಲಘುವಾದ ಹಿಮವನ್ನು ಬೇರೆಯವಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ ಎಂಬ ಹೆಸರು ಇದಕ್ಕಿದೆ, ಆ ಹೆಸರು ಸುಮ್ಮನೆ ಬಂದದ್ದಲ್ಲ. ಇನ್ನೊಂದು ಲಾಭ ಮಣ್ಣಿನದು. ಮ್ಯಾಗ್ನೋಲಿಯಾಗಳಿಗೆ ಸಾಮಾನ್ಯವಾಗಿ ತುಸು ಆಮ್ಲೀಯ ಮಣ್ಣು ಇಷ್ಟ, ಪಿಎಚ್ 5.5ರಿಂದ 6.5 ಇದ್ದರೆ ಚೆನ್ನ. ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ಹಲವು ಜಾತಿಗಳ ಎಲೆ ಹಳದಿಗೆ ತಿರುಗುತ್ತದೆ. ಸ್ಟೆಲ್ಲಾಟಾ, ಕೋಬಸ್, ಲೋಬ್ನೆರಿ ಮೂರೂ ಅದನ್ನು ಸಹಿಸಿಕೊಳ್ಳುತ್ತವೆ.

ಜನ ‘ಮ್ಯಾಗ್ನೋಲಿಯಾ’ ಎಂದಾಗ ಕಣ್ಣಮುಂದೆ ತಂದುಕೊಳ್ಳುವುದು ಮಾತ್ರ ಬೇರೆಯದನ್ನು: ಬಟ್ಟಲಿನಾಕಾರದ, ಹೊರಗೆ ಗುಲಾಬಿ ಒಳಗೆ ಬಿಳಿಯ ಸೌಲಾಂಜಿಯಾನಾ. ಇದರ ಹುಟ್ಟು ಚರಿತ್ರೆಯೊಳಗೆ ಸಿಕ್ಕಿಕೊಂಡಿದೆ. ನೆಪೋಲಿಯನ್ನನ ಸೈನ್ಯದಲ್ಲಿದ್ದ ಎಟಿಯೆನ್ ಸುಲಾಂಜ್-ಬೊದಾಂ ಯುದ್ಧಗಳು ಮುಗಿದ ಮೇಲೆ ಪ್ಯಾರಿಸ್ ಹತ್ತಿರದ ಫ್ರೊಮಾಂನಲ್ಲಿ ತೋಟ ಮಾಡಿದರು. ಚೀನಾದ ಬಿಳಿ ಯೂಲಾನ್ ಮರಕ್ಕೆ, ಅಂದರೆ ಡೆನ್ಯುಡಾಟಾಕ್ಕೆ, ನೇರಳೆ ಹೂವಿನ ಪೊದೆ ಲಿಲಿಫ್ಲೋರಾದ ಪರಾಗ ಕೂಡಿಸಿದ್ದು 1820ರಲ್ಲಿ. ಮೊದಲ ಹೂವು 1826ರಲ್ಲಿ. ಇಂದು ಯುರೋಪ್ ಅಮೆರಿಕಗಳ ಬೀದಿಬೀದಿಯಲ್ಲಿ ನಿಂತಿರುವವು ಬಹುಪಾಲು ಆ ಸಂಕರದ ಸಂತಾನ. ಗಟ್ಟಿ ಮರ, ಪಟ್ಟಣದ ಹೊಗೆಗೂ ಜೇಡಿಮಣ್ಣಿಗೂ ಅಂಜುವುದಿಲ್ಲ. ಹಾಗಿದ್ದೂ ನಾನು ಎರಡು ಕಾರಣಕ್ಕೆ ಹಿಂಜರಿಯುತ್ತೇನೆ. ಹೂ ಬರುವ ಹೊತ್ತು ವಸಂತದ ಮೊದಲ ಭಾಗ, ತಡವಾಗಿ ಹಿಮ ಬೀಳುವ ಕಡೆ ಸರಿಯಾಗಿ ಪೆಟ್ಟು ತಿನ್ನುವ ಹೊತ್ತು. ಜೊತೆಗೆ ಅದು ಎತ್ತರಕ್ಕಿಂತ ಅಗಲಕ್ಕೆ ಬೆಳೆಯುತ್ತದೆ. ಮನೆ ಬಾಗಿಲಿನಿಂದ ಎರಡು ಮೀಟರ್ ದೂರದಲ್ಲಿ ನೆಟ್ಟ ಸೌಲಾಂಜಿಯಾನಾ ಆರು ಮೀಟರ್ ಹರಡಿದಾಗ ಕತ್ತರಿ ಹಿಡಿಯದೆ ಗತಿಯಿಲ್ಲ, ಕತ್ತರಿ ಹಿಡಿದರೆ ಏನಾಗುತ್ತದೆಂದು ಮುಂದೆ ಹೇಳುತ್ತೇನೆ. ವಿಶಾಲ ಜಾಗ, ಬೇಗ ಬೆಚ್ಚಗಾಗುವ ವಸಂತ ಎರಡೂ ಇರುವವರು ಧಾರಾಳವಾಗಿ ನೆಡಲಿ.

ಈ ಹಿಮದ ತೊಂದರೆಯನ್ನೇ ಎದುರಿಟ್ಟುಕೊಂಡು ಕೆಲಸ ಮಾಡಿದವರೂ ಇದ್ದಾರೆ. ವಾಷಿಂಗ್ಟನ್ನಿನ ಅಮೆರಿಕ ರಾಷ್ಟ್ರೀಯ ಅರ್ಬೊರೇಟಂನಲ್ಲಿ 1950ರ ದಶಕದ ನಡುವೆ ಫ್ರಾನ್ಸಿಸ್ ಡಿ ವೋಸ್, ವಿಲಿಯಂ ಕೊಸಾರ್ ಎಂಬಿಬ್ಬರು ತಡವಾಗಿ ಅರಳುವ ಲಿಲಿಫ್ಲೋರಾವನ್ನು ಸ್ಟೆಲ್ಲಾಟಾ ಜೊತೆ ಕೂಡಿಸಿದರು. ಬಂದ ಎಂಟು ತಳಿಗಳಿಗೆ ಹುಡುಗಿಯರ ಹೆಸರಿಟ್ಟರು: ಆನ್, ಬೆಟ್ಟಿ, ಜೇನ್, ಜೂಡಿ, ಪಿಂಕಿ, ರ‍್ಯಾಂಡಿ, ರಿಕಿ, ಸೂಸನ್. ಗುಂಪಿಗೆ ‘ಲಿಟಲ್ ಗರ್ಲ್’ ಎಂದೇ ಹೆಸರು. ಸೌಲಾಂಜಿಯಾನಾ, ಸ್ಟೆಲ್ಲಾಟಾಗಳಿಗಿಂತ ಒಂದೆರಡು ವಾರ ತಡವಾಗಿ ಅರಳುತ್ತವೆ, ಮೂರು ನಾಲ್ಕು ಮೀಟರ್‌ನ ಪೊದೆಯಾಗಿ ನಿಲ್ಲುತ್ತವೆ. ಚಿಕ್ಕ ತೋಟ, ಗುಲಾಬಿ ಅಥವಾ ನೇರಳೆ ಬಣ್ಣವೇ ಬೇಕು, ಕೊನೆಯ ಹಿಮ ತಡ, ಈ ಮೂರೂ ಇದ್ದವರು ಹೆಚ್ಚು ಹುಡುಕಾಡುವುದು ಬೇಡ. ‘ಸೂಸನ್’ ಗಾಢ, ‘ಜೇನ್’ ತೀರಾ ತಡ. ಹತ್ತಿರದಿಂದ ನೋಡಿದರೆ ಇವುಗಳ ಹೂವಿಗೆ ದೊಡ್ಡ ಜಾತಿಗಳ ಗಾಂಭೀರ್ಯವಿಲ್ಲ, ಒಪ್ಪುತ್ತೇನೆ. ಪ್ರತಿವರ್ಷ ನೋಡಲು ಸಿಗುತ್ತದಲ್ಲ, ಅದು ದೊಡ್ಡದು. ಅದೇ ಸಂಸ್ಥೆಯಲ್ಲಿ ಕೊಸಾರ್ ಆಮೇಲೆ ಲಿಲಿಫ್ಲೋರಾವನ್ನು ಚೀನಾದ ಸ್ಪ್ರೆಂಗೆರಿ ಜಾತಿಯ ‘ದೀವಾ’ ಜೊತೆ ಸೇರಿಸಿ ‘ಗ್ಯಾಲಕ್ಸಿ’ ಪಡೆದರು. ನೆಟ್ಟಗೆ ಮೇಲೆ ಹೋಗುವ ಮರ. ಅಗಲ ಕಡಿಮೆ, ಎತ್ತರಕ್ಕೆ ಅಡ್ಡಿಯಿಲ್ಲ ಎನ್ನುವ ಜಾಗಕ್ಕೆ ಹೇಳಿ ಮಾಡಿಸಿದಂತಿದೆ.

ಇನ್ನು ಹಳದಿ ಹೂವಿನ ತಳಿಗಳು. ಅವುಗಳ ಹಿಂದೆ ಇರುವುದು ಉತ್ತರ ಅಮೆರಿಕದ ಅಕ್ಯುಮಿನಾಟಾ. ಅದರ ಎಳೆಯ ಕಾಯಿ ಸೌತೆಯನ್ನು ಹೋಲುವುದರಿಂದ ಅಲ್ಲಿನವರು ಅದನ್ನು ಸೌತೆಮರ ಎನ್ನುತ್ತಾರೆ. ಕೆನಡಾದ ನೆಲದಲ್ಲಿ ತಾನಾಗಿ ಬೆಳೆಯುವ ಏಕೈಕ ಮ್ಯಾಗ್ನೋಲಿಯಾ ಅದು, ಅಂದ ಮೇಲೆ ಚಳಿ ತಾಳಿಕೆಯ ಮಾತೇ ಬೇಡ. ಹಸಿರು ಹಳದಿಯ ಅದರ ಹೂವು ಎಲೆಯ ಮರೆಯಲ್ಲಿ ಕಾಣುವುದೇ ಇಲ್ಲ, ಮರವೋ ಇಪ್ಪತ್ತು ಮೀಟರ್ ದಾಟುತ್ತದೆ. ಬ್ರೂಕ್ಲಿನ್ ಬೊಟಾನಿಕ್ ಗಾರ್ಡನ್ನಿನಲ್ಲಿ ಇವಾಮರಿಯಾ ಸ್ಪರ್ಬರ್ ಅದಕ್ಕೆ ಡೆನ್ಯುಡಾಟಾ ಸೇರಿಸಿ ಪಡೆದದ್ದು ‘ಎಲಿಜಬೆತ್’, ಬೆಣ್ಣೆ ಬಣ್ಣದ ಹೂವು, ಬರಿಗೊಂಬೆಯ ಮೇಲೆ. ಮಿಶಿಗನ್‌ನ ಫಿಲ್ ಸ್ಯಾವೇಜ್ ಅದೇ ಬಗೆಯ ಸಂಕರದಿಂದ ‘ಬಟರ್‌ಫ್ಲೈಸ್’ ತಂದರು, ಹಳದಿ ಇನ್ನೂ ಗಾಢ. ‘ಯೆಲ್ಲೋ ಬರ್ಡ್’ ಇವೆಲ್ಲಕ್ಕಿಂತ ತಡ, ಹಿಮದ ಭಯ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದರೆ ಅದು ಅರಳುವ ಹೊತ್ತಿಗೆ ಎಲೆಯೂ ಬಂದಿರುತ್ತದೆ, ಹಸಿರಿನ ನಡುವೆ ಹಳದಿ ಅರ್ಧ ಮಂಕು. ಬರಿಗೊಂಬೆಯ ಸೊಬಗಿಗಾಗಿಯೇ ಮ್ಯಾಗ್ನೋಲಿಯಾ ಬಯಸುವವರಿಗೆ ನಾನು ‘ಎಲಿಜಬೆತ್’ ಹೇಳುತ್ತೇನೆ. ಬೆಚ್ಚಗಿನ ಊರಿನಲ್ಲಿ ಅದರ ಹಳದಿ ಬೇಗ ಕೆನೆಬಣ್ಣಕ್ಕಿಳಿಯುತ್ತದೆ, ತಂಪಿನಲ್ಲಿ ನಿಲ್ಲುತ್ತದೆ. ಚಳಿನಾಡಿನವರಿಗೆ ಸಿಗುವ ಅಪರೂಪದ ಲಾಭ.

ಇನ್ನು ಎಲ್ಲರ ಕನಸಿನ ಗಿಡ ಕ್ಯಾಂಪ್‌ಬೆಲ್ಲಿ. ಸಿಕ್ಕಿಂ, ಡಾರ್ಜಿಲಿಂಗ್ ಕಡೆಯ ಹಿಮಾಲಯದ ಕಾಡುಗಳ ಮರ, ಹೂವು ಊಟದ ತಟ್ಟೆಯಷ್ಟು ಅಗಲ. ಜೋಸೆಫ್ ಹೂಕರ್ ಮತ್ತು ಥಾಮ್ಸನ್ 1855ರಲ್ಲಿ ಇದನ್ನು ಡಾರ್ಜಿಲಿಂಗಿನ ಸೂಪರಿಂಟೆಂಡೆಂಟ್ ಆಗಿದ್ದ ಆರ್ಚಿಬಾಲ್ಡ್ ಕ್ಯಾಂಪ್‌ಬೆಲ್ ಹೆಸರಿನಲ್ಲಿ ವರ್ಣಿಸಿದರು. ಬೀಜದಿಂದ ಬೆಳೆಸಿದರೆ ಹೂವಿಗೆ ಇಪ್ಪತ್ತರಿಂದ ಮೂವತ್ತು ವರ್ಷ. ಕಸಿ ಗಿಡ ಇದಕ್ಕಿಂತ ಬೇಗ, ಆದರೂ ಹತ್ತು ವರ್ಷದ ತಾಳ್ಮೆ ಬೇಕು. ಇಷ್ಟೆಲ್ಲ ಕಾದ ಮೇಲೆ ಅದು ಅರಳುವುದು ಚಳಿಗಾಲದ ಕೊನೆಗೆ, ಯಾರಿಗೂ ಬೇಡದ ಹೊತ್ತಿನಲ್ಲಿ. ಇಂಗ್ಲೆಂಡಿನ ಕಾರ್ನ್‌ವಾಲ್‌ನಂಥ, ಸಮುದ್ರದ ಕಾವಲಿರುವ ಮೆತ್ತನೆಯ ಚಳಿಯ ಜಾಗದಲ್ಲಿ ಅದು ದೊರೆ. ಒಳನಾಡಿನ ಗಡಸು ಚಳಿಯಲ್ಲಿ, ಮನೆತೋಟದ ಅಳತೆಯಲ್ಲಿ, ಬೇಡ.

ಆ ಕನಸನ್ನು ಚಿಕ್ಕ ಜಾಗಕ್ಕೆ ಇಳಿಸಿದ್ದು ನ್ಯೂಜಿಲೆಂಡಿನವರು. ತರನಾಕಿಯ ಫೆಲಿಕ್ಸ್ ಜ್ಯೂರಿ ದೊಡ್ಡ ಏಷ್ಯಾದ ಜಾತಿಗಳ ಬಣ್ಣ ಮತ್ತು ಗಾತ್ರವನ್ನು ಬೇಗ ಹೂ ಬಿಡುವ ಸಂಕರಗಳಿಗೆ ಬೆಸೆದರು. ‘ಅಯೊಲಾಂಥೆ’, ಕೆಂಪು ‘ವಲ್ಕನ್’ ಅವರವು. ಮಗ ಮಾರ್ಕ್ ಜ್ಯೂರಿ ‘ಬ್ಲ್ಯಾಕ್ ಟುಲಿಪ್’, ತಂದೆಯ ಹೆಸರಿನ ‘ಫೆಲಿಕ್ಸ್ ಜ್ಯೂರಿ’ ತಂದರು. ಚೀಟಿಯ ಚಿತ್ರ ನೋಡಿ ಇವನ್ನು ಕೊಳ್ಳುವವರಿಗೆ ಒಂದು ಎಚ್ಚರಿಕೆ. ಎಳೆಯ ಗಿಡದ ಮೊದಲ ಒಂದೆರಡು ವರ್ಷದ ಹೂವು ಮಂಕಾಗಿರಬಹುದು. ‘ವಲ್ಕನ್’ನ ಕೆಂಪಂತೂ ಚಳಿ ಹೆಚ್ಚಿದಲ್ಲಿ ಮಾಸಲು ನೇರಳೆಯಾಗುತ್ತದೆಂದು ದೂರಿದವರು ಬಹಳ. ತಂಪು ನಾಡಿನಲ್ಲಿ ಗಾಢ ಬಣ್ಣವೇ ಬೇಕೆಂದರೆ ಮೂರು ನಾಲ್ಕು ಮೀಟರ್‌ಗೆ ನಿಲ್ಲುವ ‘ಜೀನಿ’ ನೋಡಿ, ಅದೂ ನ್ಯೂಜಿಲೆಂಡಿನದೇ.

ಬರಿಗೊಂಬೆಯ ನಿಯಮಕ್ಕೆ ಹೊರಗಿನ ಒಂದು ಗುಂಪಿದೆ, ಬಿಡಲು ಮನಸ್ಸಿಲ್ಲ. ಸೀಬೋಲ್ಡಿ ಮತ್ತು ವಿಲ್ಸೋನಿ ಎಲೆ ಬಂದ ಮೇಲೆ, ವಸಂತ ಕಳೆದು ಬೇಸಿಗೆ ಕಾಲಿಡುವಾಗ ಅರಳುತ್ತವೆ. ಬಿಳಿ ಬಟ್ಟಲು, ನಡುವೆ ಕಡುಗೆಂಪು ಕೇಸರಗಳು, ತಲೆ ಬಾಗಿದ ಹೂವು. ಉತ್ತರ ಕೊರಿಯಾ ಸೀಬೋಲ್ಡಿಯನ್ನು ರಾಷ್ಟ್ರಪುಷ್ಪ ಮಾಡಿಕೊಂಡಿದೆ. ಅರೆನೆರಳು, ತಂಪಾದ ತೇವದ ಮಣ್ಣು ಕೊಟ್ಟರೆ ಹಿಮದ ಚಿಂತೆಯೇ ಇಲ್ಲ. ವಿಲ್ಸೋನಿ ಹೂವು ನೇರ ಕೆಳಗೆ ನೋಡುತ್ತದೆ. ಹಾಗಾಗಿ ದಾರಿಗಿಂತ ಎತ್ತರದ ದಿಣ್ಣೆಯ ಮೇಲೆ ನೆಡಬೇಕು, ಇಲ್ಲವಾದರೆ ಬೆನ್ನಷ್ಟೇ ಕಾಣುತ್ತದೆ.

ಕೊಳ್ಳುವಾಗ ಕಸಿ ಗಿಡವೇ ಕೇಳಿ. ಬೀಜದ ಗಿಡ ಅಗ್ಗ, ಹೂವು ಯಾವಾಗ, ಎಂಥದು ಎನ್ನಲು ಬರುವುದಿಲ್ಲ. ಚಳಿಗಾಲದಲ್ಲಿ ಕೊಳ್ಳುವುದಾದರೆ ಮೊಗ್ಗು ನೋಡಿ: ದಪ್ಪಗೆ ರೋಮಭರಿತವಾದದ್ದು ಹೂಮೊಗ್ಗು, ತೆಳ್ಳಗಿನದು ಎಲೆಮೊಗ್ಗು. ಕಸಿಯನ್ನು ಸಾಮಾನ್ಯವಾಗಿ ಕೋಬಸ್ ಬುಡದ ಮೇಲೆ ಕಟ್ಟಿರುತ್ತಾರೆ. ಕಸಿ ಗಂಟಿನ ಕೆಳಗಿನಿಂದ ಚಿಗುರು ಬಂದರೆ ಆಗಿಂದಾಗ ಕಿತ್ತುಹಾಕಿ. ಬಿಟ್ಟರೆ ಕೆಲವು ವರ್ಷದಲ್ಲಿ ನೀವು ಸಾಕುತ್ತಿರುವುದು ಕೋಬಸ್ ಮರವನ್ನು.

ಬೇರು ಇವುಗಳ ಮರ್ಮಸ್ಥಾನ. ದಪ್ಪ, ರಸಭರಿತ, ಮೇಲ್ಮಣ್ಣಿನಲ್ಲೇ ಹರಡುವ ಬೇರು, ಕವಲು ಕಡಿಮೆ, ಮುರಿದರೆ ಸುಲಭಕ್ಕೆ ಮಾಯುವುದಿಲ್ಲ. ತಣ್ಣನೆಯ ಒದ್ದೆ ಮಣ್ಣಿನಲ್ಲಿ ಗಾಯಗೊಂಡ ಬೇರು ಕೊಳೆಯುತ್ತದೆ, ಆದ್ದರಿಂದ ಗಡಸು ಚಳಿಯ ಊರಿನಲ್ಲಿ ವಸಂತವೇ ನೆಡುವ ಕಾಲ. ಕುಂಡದಲ್ಲಿದ್ದಾಗ ಮಣ್ಣು ಎಲ್ಲಿಯವರೆಗಿತ್ತೋ ಅಷ್ಟೇ ಆಳ, ಒಂದು ಗೇಣು ಹೆಚ್ಚೂ ಬೇಡ. ಬುಡದ ಸುತ್ತ ಎಲೆಗೊಬ್ಬರದ ಹೊದಿಕೆ ಹಾಕಿ, ಕಾಂಡಕ್ಕೆ ತಾಗದಂತೆ. ಆಮೇಲೆ ಅಲ್ಲಿ ಗುದ್ದಲಿ ಆಡಿಸಬಾರದು. ಬುಡದಲ್ಲಿ ವರ್ಷವರ್ಷ ಅಗೆದು ನೆಡುವ ಹೂಗಿಡಗಳ ಆಸೆಯನ್ನು ಬಿಟ್ಟುಬಿಡಿ. ಒಮ್ಮೆ ನೆಟ್ಟ ಜಾಗದಿಂದ ಕಿತ್ತು ಇನ್ನೊಂದೆಡೆ ಇಡುವ ಯೋಚನೆಯನ್ನೂ.

ಕತ್ತರಿಯ ಮಾತು ಬಾಕಿ ಇತ್ತು. ಮ್ಯಾಗ್ನೋಲಿಯಾವನ್ನು ಜೋರಾಗಿ ಕಡಿದರೆ ಅದು ಸೇಡು ತೀರಿಸಿಕೊಂಡಂತೆ ಕಡಿದ ಕಡೆಯಿಂದ ನೆಟ್ಟಗಿನ ಚಿಗುರುಗಳನ್ನು ಕಂತೆಕಂತೆಯಾಗಿ ಎಬ್ಬಿಸುತ್ತದೆ. ಅವು ವರ್ಷಗಟ್ಟಲೆ ಹೂ ಬಿಡುವುದಿಲ್ಲ, ಮರದ ಆಕಾರ ಕೆಡುತ್ತದೆ. ಚಳಿಗಾಲದಲ್ಲಿ ಕಡಿದರೆ ಆ ವರ್ಷದ ಹೂವನ್ನೇ ಕಡಿದಂತೆ, ವಸಂತಕ್ಕೆ ಮೊದಲು ಕಡಿದರೆ ಗಾಯದಿಂದ ರಸ ಸುರಿಯುತ್ತದೆ. ಸವರಲೇಬೇಕಾದರೆ ನಡುಬೇಸಿಗೆಯಲ್ಲಿ, ಎಲೆ ಬಲಿತ ಮೇಲೆ, ಅದೂ ಕೊಂಚ ಕೊಂಚ. ಎರಡನೇ ಪ್ರಶ್ನೆಯಾಗಿ ಗಾತ್ರ ಕೇಳಿ ಎಂದದ್ದು ಇದಕ್ಕೇ. ನಾಲ್ಕು ಮೀಟರ್ ಜಾಗಕ್ಕೆ ನಾಲ್ಕು ಮೀಟರ್ ಗಿಡ ತಂದವರಿಗೆ ಕತ್ತರಿಯ ಕೆಲಸ ಬೀಳುವುದಿಲ್ಲ.

ಪ್ರಶ್ನೆಗಳು

ಹಿಮ ಬರುತ್ತದೆಂದು ಮುನ್ಸೂಚನೆ ಇದ್ದರೆ ಗಿಡವನ್ನು ಮುಚ್ಚಬಹುದೇ ಎಂದು ಕೇಳಿದ್ದೀರಿ. ಸ್ಟೆಲ್ಲಾಟಾದಂಥ ಚಿಕ್ಕ ಪೊದೆಯನ್ನು ತೋಟಗಾರಿಕೆಯ ತೆಳುಬಟ್ಟೆಯಲ್ಲಿ ಒಂದೆರಡು ರಾತ್ರಿ ಮುಚ್ಚಬಹುದು. ಪ್ಲಾಸ್ಟಿಕ್ ಬೇಡ, ಅದು ತಾಗಿದ ಕಡೆ ದಳ ಮೊದಲು ಸುಡುತ್ತದೆ. ಬೆಳಗ್ಗೆ ತೆಗೆಯಿರಿ. ನಾಲ್ಕು ಮೀಟರ್ ಮರ ಮುಚ್ಚಲು ಹೊರಡುವುದು ವ್ಯರ್ಥ ಸಾಹಸ.

ಏಳೆಂಟು ವರ್ಷವಾದರೂ ಹೂವಿಲ್ಲ ಎಂದವರಿಗೆ: ಬೀಜದ ಗಿಡವೇ, ದಟ್ಟ ನೆರಳಿದೆಯೇ, ಶರತ್ಕಾಲದಲ್ಲಿ ಯಾರಾದರೂ ಸವರುತ್ತಾರೆಯೇ, ಪಕ್ಕದ ಹುಲ್ಲುಹಾಸಿಗೆ ಹಾಕುವ ಸಾರಜನಕದ ಗೊಬ್ಬರ ಇದಕ್ಕೂ ಸೇರುತ್ತಿದೆಯೇ ನೋಡಿ. ನಾಲ್ಕೂ ಅಲ್ಲವಾದರೆ ಚಳಿಗಾಲದ ಕೊನೆಯಲ್ಲಿ ಒಂದು ಹೂಮೊಗ್ಗನ್ನು ಉದ್ದಕ್ಕೆ ಸೀಳಿ. ಒಳಗೆ ಕಪ್ಪಗಿದ್ದರೆ ಹೂವು ಮೊಗ್ಗಿನಲ್ಲೇ ಸತ್ತಿದೆ, ಆ ತಳಿ ನಿಮ್ಮ ಊರಿಗೆ ಆಗದು.

ಬೇಸಿಗೆಯಲ್ಲಿ ಒಂದೆರಡು ಹೂವು ಕಾಣಿಸಿಕೊಂಡರೆ ಗಾಬರಿ ಬೇಡ. ಲಿಲಿಫ್ಲೋರಾ ರಕ್ತವಿರುವ ತಳಿಗಳಲ್ಲಿ ಅದು ಸಹಜ, ಮುಂದಿನ ವಸಂತಕ್ಕೆ ನಷ್ಟವೇನಿಲ್ಲ.

ಕುಂಡದಲ್ಲಿ ಬೆಳೆಸಬಹುದೇ? ಸ್ಟೆಲ್ಲಾಟಾ ಮತ್ತು ಲಿಟಲ್ ಗರ್ಲ್ ಗುಂಪನ್ನು ಕೆಲವು ವರ್ಷ ಇಡಬಹುದು, ಕನಿಷ್ಠ ಅರ್ಧ ಮೀಟರ್ ಅಗಲದ ಕುಂಡದಲ್ಲಿ. ನೆಲದೊಳಗಿನ ಬೇರಿಗೆ ಮಣ್ಣೇ ರಕ್ಷಣೆ, ಕುಂಡದ ಬೇರಿಗೆ ನಾಲ್ಕೂ ಕಡೆಯಿಂದ ಚಳಿ. ಕುಂಡದ ಮಣ್ಣು ಪೂರ್ತಿ ಹೆಪ್ಪುಗಟ್ಟುವ ಊರಿನಲ್ಲಿ ಚಳಿಗಾಲದುದ್ದಕ್ಕೂ ಅದನ್ನು ಬಿಸಿಯಿಲ್ಲದ ಶೆಡ್ಡಿನೊಳಗೆ ಇಟ್ಟು, ಮಣ್ಣು ತೀರಾ ಒಣಗದಂತೆ ಆಗಾಗ ಸ್ವಲ್ಪ ನೀರು ಕೊಡಿ. ಮೊಗ್ಗು ಬಿರಿಯುವ ಮುನ್ನ ಹೊರಗೆ ತನ್ನಿ, ಒಳಗೇ ಬಿಟ್ಟರೆ ಬೆಚ್ಚಗಿನ ಗೋಡೆಯ ಪಕ್ಕದ ಗಿಡಕ್ಕಾದದ್ದೇ ಇದಕ್ಕೂ ಆಗುತ್ತದೆ.